ಖಾಲಿ ಗೂಡಿನ ಗೆಜ್ಜೆ

ಬೆಳಗಿನ ಐದೂವರೆ. ಲಿಬ್ರಾದಾ ಮೊರೊಯೋಕಿ ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿ ನಡೆಯುತ್ತಿದ್ದಾರೆ. ಬೇರೆ ದಿಕ್ಕಿಗೆ ನಡೆದರೆ ಈ ಕೆಲಸ ಆಗುವುದಿಲ್ಲ. ಜೂನ್ ತಿಂಗಳ ಮೊದಲ ವಾರ. ಹುಯಾತೇವೆ ಹಳ್ಳಿಯ ಹಿಂದಿನ ದಿಬ್ಬದ ಮೇಲೆ ಹುಡುಕಿದರೂ ಒಂದು ಎಲೆ ಸಿಗುವುದಿಲ್ಲ. ಸಾಂಗ್ರೆಗಾದೊ ಗಿಡಗಳೆಲ್ಲ ಬರೀ ಕಡ್ಡಿ. ಆ ಕಡ್ಡಿಗಳಲ್ಲಿ ಅಲ್ಲೊಂದು ಇಲ್ಲೊಂದು ಹೆಬ್ಬೆರಳಿನ ಗಾತ್ರದ, ಮಾಸಿದ ಬೆಳ್ಳಿಯ ಬಣ್ಣದ ಪತಂಗದ ಗೂಡು ನೇತಾಡುತ್ತಿರುತ್ತದೆ. ಲಿಬ್ರಾದಾ ಅದರ ಮುಂದೆ ನಿಂತು, ಮೊಣಕಾಲು ಸ್ವಲ್ಪ ಬಗ್ಗಿಸಿ, ಸೂರ್ಯ ಸರಿಯಾಗಿ ಗೂಡಿನ ಹಿಂದಕ್ಕೆ ಬರುವ ಹಾಗೆ ತಮ್ಮ ತಲೆಯನ್ನು ಹೊಂದಿಸಿಕೊಳ್ಳುತ್ತಾರೆ. ಒಳಗೆ ಕಪ್ಪು ನೆರಳು ಕಂಡರೆ ಹುಳ ಇದೆ. ಬೆಳಕು ತಡೆಯಿಲ್ಲದೆ ದಾಟಿ ಬಂದರೆ ಗೂಡು ಖಾಲಿ.

"ಮೊಟ್ಟೇನ ದೀಪಕ್ಕೆ ಹಿಡಿದು ನೋಡ್ತೀವಲ್ಲ, ಹಾಗೇ," ಎನ್ನುತ್ತಾರೆ. "ಮೊಟ್ಟೆ ಕೈಗೆ ಬರತ್ತೆ. ಇದಕ್ಕೆ ನಾವೇ ಬಗ್ಗಬೇಕು, ಅಷ್ಟೇ ವ್ಯತ್ಯಾಸ."

ಖಾಲಿ ಇದ್ದರೆ ಕಿತ್ತು ಹೆಗಲ ಚೀಲಕ್ಕೆ. ಹುಳ ಇದ್ದರೆ ಮುಂದಿನ ಗಿಡಕ್ಕೆ. ಸೂರ್ಯ ಒಂದು ಆಳೆತ್ತರ ಏರಿದ ಮೇಲೆ ಏನೂ ಕಾಣುವುದಿಲ್ಲ. ದಿನಕ್ಕೆ ಒಂದೇ ಗಂಟೆಯ ಕೆಲಸ, ಆದರೆ ಆ ಒಂದು ಗಂಟೆಗಾಗಿ ಆರು ಕಿಲೋಮೀಟರ್ ಹೋಗಿ ಆರು ಕಿಲೋಮೀಟರ್ ಬರಬೇಕು. ಹತ್ತು ವರ್ಷದ ಹಿಂದೆ ಒಂದು ಬೆಳಗ್ಗೆಗೆ ನಲವತ್ತು ಗೂಡು ಸಿಗುತ್ತಿದ್ದವು. ಇವತ್ತು ಸಿಕ್ಕಿರುವುದು ಮೂರು. ಒಂದಕ್ಕೆ ಇಲಿ ಬಾಯಿ ಹಾಕಿದೆ.

ಲಿಬ್ರಾದಾಗೆ ಅರವತ್ತಮೂರು ವರ್ಷ. ಮಾಯೊ ನದಿಯ ದಂಡೆಯ ಯೊರೆಮೆ ಜನರಲ್ಲಿ ಅವರಿಗೆ ಪಟ್ಟವೂ ಇಲ್ಲ, ಹುದ್ದೆಯೂ ಇಲ್ಲ. ಜಿಂಕೆ ಕುಣಿತದವನಿಗೆ ಹೆಸರಿದೆ. ಹಬ್ಬವನ್ನು ಆರಂಭಿಸಿ, ನಗಿಸಿ, ಕುಣಿದು, ಬೈದು, ಮುಗಿಸುವ ಪಾಸ್ಕೋಲಾಗೆ ಅವನಿಗಿಂತ ದೊಡ್ಡ ಹೆಸರಿದೆ. ಒಂದು ಕೈಯಲ್ಲಿ ಕೊಳಲು, ಇನ್ನೊಂದರಲ್ಲಿ ತಮಟೆ ನುಡಿಸುವವನನ್ನು ಪಕ್ಕದ ಊರಿನವರೂ ಗುರುತಿಸುತ್ತಾರೆ. ಕುಣಿಯುವವರ ಕಾಲಿಗೆ ಪಾದದಿಂದ ಮೊಣಕಾಲಿನವರೆಗೆ ಸುತ್ತುವ ತೆನಾಬರಿ, ಅಂದರೆ ಪತಂಗದ ಗೂಡಿನ ಗೆಜ್ಜೆ, ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಮಕ್ಕಳು "ಬೆಟ್ಟದಿಂದ" ಎನ್ನುತ್ತಾರೆ. ತಪ್ಪೇನಲ್ಲ.

ಕೆಲಸ ಹೀಗೆ. ಗೂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೆದುಗೊಳಿಸಬೇಕು. ಪತಂಗ ಹೊರಗೆ ಬಂದ ಬಾಯಿಯಿಂದಲೇ ಕೊಕ್ಕೆಸೂಜಿ ಹಾಕಿ, ಒಳಗೆ ಅದು ಕಳಚಿಟ್ಟ ಸಿಪ್ಪೆಯನ್ನು ಎಳೆಯಬೇಕು. ಐದು ಹರಳು ಹಾಕಬೇಕು. ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಆರು ಹೊಲಿಗೆ. ಎರಡೆರಡನ್ನು ಜೋಡಿ ಮಾಡಿ ಕತ್ತಾಳೆ ನಾರಿನ ಹುರಿಗೆ ಕಟ್ಟಬೇಕು. ಒಂದು ಗೂಡಿಗೆ ಹನ್ನೆರಡು ನಿಮಿಷ. ಒಂದು ಕಾಲಿಗೆ ನೂರ ಇಪ್ಪತ್ತು ಗೂಡು, ಎರಡು ಕಾಲಿಗೆ ಇನ್ನೂರ ನಲವತ್ತು.

ಹರಳು ಇರುವೆಗೂಡಿನ ಅಂಚಿನದೇ ಆಗಬೇಕು. ಹೊಳೆಯ ಮರಳಾದರೆ ಪುಡಿಯಾಗಿ ಅಂಟಿಕೊಳ್ಳುತ್ತದೆ. "ಇರುವೆ ಒಂದೇ ಅಳತೆಯ ಕಲ್ಲು ಎತ್ತಿ ತಂದು ಹಾಕಿರತ್ತೆ. ಜರಡಿ ಹಿಡಿಯೋ ಕೆಲಸ ಅದೇ ಮುಗಿಸಿರತ್ತೆ," ಎನ್ನುತ್ತಾರೆ ಲಿಬ್ರಾದಾ. ಒಂದು ಹಿಡಿ ಹರಳು ತೆಗೆದ ಜಾಗದಲ್ಲಿ ಒಂದು ಹಿಡಿ ಹುರಿದ ಜೋಳದ ಹಿಟ್ಟು ಸುರಿದು ಬರುತ್ತಾರೆ. ಪೂಜೆಯೇ ಎಂದು ಕೇಳಿದರೆ ನಗುತ್ತಾರೆ. "ಪೂಜೆ ಅಲ್ಲ. ಮುಂದಿನ ವಾರ ಮತ್ತೆ ಕೈ ಹಾಕಬೇಕಲ್ಲ. ಕಚ್ಚದೇ ಇರ್ಲಿ ಅಂತ."

ಯೊರೆಮೆ ಹೆಂಗಸರು ಪಾಸ್ಕೋಲಾ ಕುಣಿಯುವುದಿಲ್ಲ. ನಲವತ್ತೆಂಟು ವರ್ಷದಿಂದ ತೆನಾಬರಿ ಕಟ್ಟುತ್ತಿರುವ ಲಿಬ್ರಾದಾ ಒಂದು ದಿನವೂ ಅದನ್ನು ತಮ್ಮ ಕಾಲಿಗೆ ಸುತ್ತಿಕೊಂಡಿಲ್ಲ. ಪರೀಕ್ಷೆ ನಡೆಯುವುದು ಅಡುಗೆಮನೆಯ ಕುರ್ಚಿಯ ಮೇಲೆ. ಕುರ್ಚಿಯ ಮುಂದಿನ ಎರಡು ಕಾಲಿಗೆ ಗೆಜ್ಜೆ ಸುತ್ತಿ, ಅದರ ಬೆನ್ನು ಹಿಡಿದು, ನೆಲಕ್ಕೆ ಕುಟ್ಟುತ್ತಾರೆ. ಕಿವಿ ಕೊಟ್ಟು ಕೇಳಿ ಎಲ್ಲಿ ಸದ್ದು ಮಂಕಾಗಿದೆಯೋ ಅಲ್ಲಿ ಬಿಚ್ಚುತ್ತಾರೆ. "ಈ ನದಿ ಉದ್ದಕ್ಕೂ ನಡೆಯೋ ಹಬ್ಬದಲ್ಲೆಲ್ಲ ಮೊದಲು ಕುಣಿಯೋದು ನನ್ನ ಕುರ್ಚಿ. ಅದಕ್ಕೆ ಯಾರೂ ಊಟ ಹಾಕಲ್ಲ."

ಈ ಕೆಲಸ ಕಲಿಸಿದವರು ತಂದೆ ಸತುರ್ನೀನೊ. ಲಿಬ್ರಾದಾ ಟೊಮ್ಯಾಟೊ ಪೆಟ್ಟಿಗೆ ತುಂಬುವ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ನಿಂತು ದುಡಿದರು. ಆ ನಿಲುವಿನ ಗುರುತು ಅವರ ಬಲ ಮಂಡಿಯಲ್ಲಿದೆ. ಗಂಡ ಮೀನು ಹಿಡಿಯಲು ಹೋಗಿ ಕರಾವಳಿಯಲ್ಲೇ ಇನ್ನೊಂದು ಸಂಸಾರ ಹೂಡಿದ. "ಒಳ್ಳೇ ಮನುಷ್ಯ. ದೂರ ಇದ್ದಷ್ಟೂ ಒಳ್ಳೆಯವನು." ಶೆಡ್ಡಿನ ಕೆಲಸಕ್ಕೆ ಮುಂಚೆ ಬೆಟ್ಟ, ಶೆಡ್ಡಿನ ಕೆಲಸದ ಮೇಲೆ ಹೊಲಿಗೆ. ಈಗ ಶೆಡ್ಡು ಇಲ್ಲ, ಬೆಟ್ಟ ಇದೆ. ಇನ್ನೂ ಎಷ್ಟು ದಿನ ಇರುತ್ತದೆ ಎಂಬುದು ಬೇರೆ ಮಾತು. ದನಗಳ ಹುಲ್ಲಿಗಾಗಿ ಒಂದೊಂದೇ ದಿಬ್ಬವನ್ನು ಯಂತ್ರ ಬೋಳಿಸುತ್ತಿದೆ. ಸಾಂಗ್ರೆಗಾದೊ ಹೋದರೆ ಅದರ ಎಲೆ ತಿಂದು ಬೆಳೆಯುವ ಹುಳವೂ ಹೋಗುತ್ತದೆ.

ಒಮ್ಮೆ ರಾಜಧಾನಿಯ ಕಡೆಯಿಂದ ಬಂದ ಒಬ್ಬ ಅಧಿಕಾರಿ, ಜಾನಪದದ ಮೇಲೆ ನಿಜವಾದ ಪ್ರೀತಿ ಇದ್ದವರು, ನಿಮ್ಮ ವಿನ್ಯಾಸದ ವಿಶೇಷವೇನು ಎಂದು ಕೇಳಿದರಂತೆ. "ವಿನ್ಯಾಸ ಹುಳದ್ದು ಸ್ವಾಮಿ, ನಂದು ಹೊಲಿಗೆ ಅಂದೆ. ಅವರು ಬರಕೊಂಡ್ರು." ಆ ಅಧಿಕಾರಿ ಒಯ್ದ ಜೋಡಿ ಈಗ ಒಂದು ನಗರದ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದೆ. ಲಿಬ್ರಾದಾ ಒಮ್ಮೆ ಆಸ್ಪತ್ರೆಗೆಂದು ಹೋದವರು ಅಲ್ಲಿಗೂ ಹೋಗಿ ನೋಡಿ ಬಂದರು. ಚೀಟಿಯಲ್ಲಿ ಜನಾಂಗದ ಹೆಸರಿತ್ತು, ಇಸವಿ ಇತ್ತು. ಹೊಲಿಗೆ ನೋಡಿ ತಮ್ಮದೆಂದು ಗುರುತಿಸಿದರು. ಏನನ್ನಿಸಿತು?

"ಎಷ್ಟು ಸುಮ್ಮನೆ ಇದೆಯಲ್ಲ ಅನ್ನಿಸ್ತು."

ಈ ವರ್ಷದ ಸಂಗತಿ ಜನವರಿಯಲ್ಲಿ ಶುರುವಾಯಿತು. ಹುಯಾತೇವೆಯ ಮುಖ್ಯ ಪಾಸ್ಕೋಲಾ ಎವಾರಿಸ್ತೊ ತೀರಿಕೊಂಡರು. ಅವರ ತೆನಾಬರಿಯನ್ನು ಅವರ ಕಾಲಿಗೇ ಸುತ್ತಿ ಮಣ್ಣು ಮಾಡಿದರು. ಈ ಊರಿನಲ್ಲಿ ಅದೇ ರೂಢಿ. ಅವರ ಜಾಗಕ್ಕೆ ಬರಬೇಕಾದವನು ಒಂಬತ್ತು ವರ್ಷ ಅವರ ಹಿಂದೆ ಕುಣಿದ ಕ್ರೆಸೆನ್ಸಿಯೊ. ಊರವರ ಬಾಯಲ್ಲಿ ಚೆಂಚೊ. ಮೂವತ್ತೊಂದು ವರ್ಷ, ತೋಟವೊಂದರಲ್ಲಿ ನೀರಿನ ಪಂಪ್ ನೋಡಿಕೊಳ್ಳುತ್ತಾನೆ. ಇಷ್ಟು ವರ್ಷ ಎರವಲು ಗೆಜ್ಜೆಯಲ್ಲಿ ಕುಣಿದವನು. ಮುಖ್ಯ ಪಾಸ್ಕೋಲಾ ಆಗುವವನಿಗೆ ಹೊಸದು, ಪೂರ್ತಿಯದು, ತನ್ನದೇ ಆದದ್ದು ಬೇಕು. ಜೂನ್ ಇಪ್ಪತ್ತನಾಲ್ಕು ಸಾನ್ ಹುವಾನ್ ಹಬ್ಬ. ದೀಕ್ಷಾಸ್ನಾನ ಕೊಡುತ್ತಿದ್ದ ಆ ಸಂತನ ಮೂರ್ತಿಯನ್ನು ನದಿಗೆ ಕರೆದೊಯ್ದು ಮೀಯಿಸುವ ದಿನ.

ಹಬ್ಬದ ಯಜಮಾನ ಅನ್ಸೆಲ್ಮೊ ಬುಯಿತಿಮೆಯಾ ಶಿಸ್ತಿನ ಮನುಷ್ಯ. ಹದಿನೇಳನೇ ತಾರೀಖಿಗೆ ಗೆಜ್ಜೆ ನೋಡುತ್ತೇನೆ, ಪೂರ್ತಿ ಇಲ್ಲದಿದ್ದರೆ ನಗರದ ನೃತ್ಯ ತಂಡವೊಂದನ್ನು ಕರೆಸುತ್ತೇನೆ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಆ ತಂಡ ಚೆನ್ನಾಗಿ ಕುಣಿಯುತ್ತದೆ. ಅವರ ಕಾಲಿನ ಗೂಡುಗಳು ಪ್ಲಾಸ್ಟಿಕ್ಕಿನವು, ಸದ್ದು ಧ್ವನಿವರ್ಧಕದಲ್ಲಿ ಬರುತ್ತದೆ. ಆದರೆ ಹುಯಾತೇವೆಯಲ್ಲಿ ಇವತ್ತಿನವರೆಗೆ ಸಂತನ ಮುಂದೆ ಹೊರಗಿನವರು ಕುಣಿದದ್ದಿಲ್ಲ. ಒಮ್ಮೆ ಕರೆಸಿದರೆ ಮುಂದಿನ ವರ್ಷ ಕರೆಸುವುದು ಸುಲಭ. ಅದರ ಮುಂದಿನ ವರ್ಷ ಚೆಂಚೊ ಪಂಪಿನ ಮನೆಯಲ್ಲೇ ಉಳಿಯುತ್ತಾನೆ. ಇದನ್ನು ಲಿಬ್ರಾದಾಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಜೂನ್ ಹನ್ನೆರಡಕ್ಕೆ ಅವರ ಬುಟ್ಟಿಯಲ್ಲಿ ಹೊಲಿದು ಮುಗಿಸಿದ ಗೂಡುಗಳು ನೂರ ಎಪ್ಪತ್ತೊಂದು. ಇನ್ನೂ ಅರವತ್ತೊಂಬತ್ತು ಬೇಕು. ಸಿಗುತ್ತಿರುವುದು ದಿನಕ್ಕೆ ಮೂರು, ನಾಲ್ಕು.

ಅಂದು ಮಧ್ಯಾಹ್ನ ಚೆಂಚೊ ಬೆವರು ಸುರಿಸುತ್ತ, ಗೊಬ್ಬರದ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬರುತ್ತಾನೆ. ಲಿಬ್ರಾದಾ ಅವನ ತಾಯಿಯ ಚಿಕ್ಕಪ್ಪನ ಮಗಳು.

"ಚಿಕ್ಕಮ್ಮಾ, ಬುಟ್ಟಿ ತನ್ನಿ ಬುಟ್ಟಿ! ತೊಂಬತ್ತನಾಲ್ಕು! ಒಂದೇ ದಿನಕ್ಕೆ!"

"ಎಲ್ಲಿ ಸಿಕ್ತೋ?"

"ಹಳ್ಳದಾಚೆ ಆ ದನದ ಧಣಿ ಜಮೀನಲ್ಲಿ. ಪೂರ್ತಿ ಇಳಿಜಾರು ಬಳಕೊಂಡು ಬಂದೆ. ನಿಮಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ವಲ್ಲ."

ಲಿಬ್ರಾದಾ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಇನ್ನೊಂದು. ಮತ್ತೊಂದು. ಒಳಗೆ ಏನೋ ಮೆತ್ತಗೆ, ಭಾರವಾಗಿ ಹೊರಳುತ್ತದೆ.

"ಎಷ್ಟು ಹೊತ್ತಿಗೆ ಕಿತ್ತೆ?"

"ಪಂಪ್ ಕೆಲಸ ಮುಗಿಸಿ. ಹನ್ನೆರಡು, ಹನ್ನೆರಡೂವರೆ."

"ಸೂರ್ಯ ಎಲ್ಲಿದ್ದ?"

"ನೆತ್ತಿ ಮೇಲೆ."

"ನೆತ್ತಿ ಒಳಗೆ ಏನಿತ್ತು?"

ಚೆಂಚೊ ತಾನೂ ಒಂದನ್ನು ಅಲ್ಲಾಡಿಸಿ ನೋಡುತ್ತಾನೆ. ಒಳಗೆ ಹುಳ ಇದೆ. ಪಾಸ್ಕೋಲಾ ಮನೆತನದಲ್ಲಿ ಹುಟ್ಟಿದವನು, ಚಿಕ್ಕಂದಿನಿಂದ ಗೂಡುಗಳ ನಡುವೆ ಬೆಳೆದವನು. ಆದರೆ ಅವನಿಗೆ ಗೊತ್ತಿದ್ದದ್ದು ಕಾಲಿಗೆ ಬಂದ ಮೇಲಿನ ಗೂಡು. ನಡು ಮಧ್ಯಾಹ್ನದ ಬೆಳಕಿನಲ್ಲಿ ಎಲ್ಲ ಗೂಡೂ ಒಂದೇ ಥರ ಹೊಳೆಯುತ್ತದೆ.

ಪಕ್ಕದ ಮನೆಯ ನಿಕೊಲಾಸಾ ಬೇಲಿಯ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದವರು ಈಗ ಒಳಗೇ ಬಂದರು. ನಿಕೊಲಾಸಾ ಮಗಳಿಗೆ ಲಿಬ್ರಾದಾ ದೀಕ್ಷಾಸ್ನಾನದಲ್ಲಿ ಧರ್ಮಮಾತೆ ಆಗಿದ್ದಾರೆ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ.

"ಅದಕ್ಕೇನೀಗ? ಕತ್ತರಿ ತಗೋ ಕೊಮಾದ್ರೆ. ಪಕ್ಕದಲ್ಲಿ ಸೀಳು, ಹುಳ ತೆಗಿ, ಕೋಳಿಗೆ ಹಾಕು. ನಮ್ಮ ಕೋಳಿಗೂ ಹಬ್ಬ. ಊರೂರಲ್ಲೆಲ್ಲ ಹೀಗೇ ತಾನೇ ಮಾಡೋದು?"

"ಮಾಡ್ತಾರೆ."

"ನೀನೇನು ಅವರೆಲ್ಲರಿಗಿಂತ ದೊಡ್ಡ ಭಕ್ತೆಯಾ?"

"ಅಲ್ಲ. ನಾನೂ ಮಾಡಿದ್ದೆ."

ಆ ಕತೆ ನಿಕೊಲಾಸಾಗೂ ಗೊತ್ತು, ಆದರೆ ಮರೆತಂತೆ ನಟಿಸುತ್ತಾರೆ. ಇಪ್ಪತ್ತಾರು ವರ್ಷದ ಹಿಂದೆ ದೊಡ್ಡ ನಗರದ ತಂಡವೊಂದು ಐದು ಜೋಡಿ ತೆನಾಬರಿ ಕೇಳಿತ್ತು, ಅದೂ ಎರಡು ತಿಂಗಳಲ್ಲಿ. ಲಿಬ್ರಾದಾ ಊರಿನ ಉತ್ತರದ ದಿಬ್ಬವೊಂದರಿಂದಲೇ ಆರುನೂರು ಜೀವಂತ ಗೂಡು ತಂದು ಸೀಳಿದರು. ಮರುವರ್ಷ ಆ ದಿಬ್ಬದಲ್ಲಿ ಒಂದೂ ಇರಲಿಲ್ಲ. ಅದರ ಮರುವರ್ಷವೂ ಇರಲಿಲ್ಲ. "ನಾಲ್ಕು ವರ್ಷ ಬರೀ ಕಡ್ಡಿ ನೋಡ್ಕೊಂಡು ಬಂದೆ. ಯಂತ್ರಾನೂ ಬಂದಿರ್ಲಿಲ್ಲ, ಹೊರಗಿನ ಯೋರಿ ಜನಾನೂ ಬಂದಿರ್ಲಿಲ್ಲ. ತಿಂದಿದ್ದು ನಾನೇ." ಅಪ್ಪ ಆಗ ಬದುಕಿದ್ದರು. ಬೈಯಲಿಲ್ಲ. ಐದು ಜೋಡಿಯಲ್ಲಿ ಒಂದನ್ನು ಕುರ್ಚಿಗೆ ಸುತ್ತಿ ಕುಟ್ಟಿ ನೋಡಿ, "ಸದ್ದು ಚೆನ್ನಾಗಿದೆ" ಎಂದಷ್ಟೇ ಹೇಳಿ ಎದ್ದು ಹೋದರಂತೆ. ಅಂದಿನಿಂದ ಲಿಬ್ರಾದಾ ಖಾಲಿ ಗೂಡು ಮಾತ್ರ ತರುತ್ತಾರೆ. ಇದು ಯೊರೆಮೆ ಶಾಸ್ತ್ರವಲ್ಲ. ಒಬ್ಬ ಹೆಂಗಸು ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು.

ಚೆಂಚೊ ಕೊನೆಯ ಮಾತು ಹೇಳುತ್ತಾನೆ. "ಚಿಕ್ಕಮ್ಮ, ಆ ಇಳಿಜಾರಿಗೆ ನಾಳೆ ಬುಲ್ಡೋಜರ್ ಬರತ್ತೆ. ನಾನು ಕೀಳದಿದ್ರೂ ಇವು ಸಾಯೋವೇ."

"ಸಾಯಿಸೋನು ಇನ್ನೊಬ್ಬ ಇದ್ದಾನೆ ಅಂತ ಅವನ ಕೂಲಿ ನಾನ್ಯಾಕೆ ಮಾಡ್ಲಿ?"

"ಹಾಗಾದ್ರೆ ನನ್ನ ಕಾಲು?"

ಲಿಬ್ರಾದಾ ಒಳಗೆ ಹೋಗುತ್ತಾರೆ. ಹತ್ತಿಯ ದಾರದ ಉಂಡೆ ತರುತ್ತಾರೆ.

ಅವರ ಅಂಗಳದ ಬೇಲಿ ಹನ್ನೊಂದು ಸಾಂಗ್ರೆಗಾದೊ ಗಿಡಗಳದ್ದು. ತೊಂಬತ್ತನಾಲ್ಕರಲ್ಲಿ ಆರು ಮಾತ್ರ ಖಾಲಿ ಸಿಕ್ಕಿವೆ. ಉಳಿದ ಎಂಬತ್ತೆಂಟನ್ನು ಒಂದೊಂದಾಗಿ ಗಿಡಕ್ಕೆ ಕಟ್ಟಬೇಕು. ಕಿತ್ತ ತೊಟ್ಟು ಎಲ್ಲಿದೆ ನೋಡಿ, ಬಾಯಿ ಮೇಲಕ್ಕೆ ಬರುವ ಹಾಗೆ. ತಲೆಕೆಳಗಾಗಿ ಕಟ್ಟಿದರೆ ಪತಂಗಕ್ಕೆ ಹೊರಗೆ ಬರಲು ಆಗುವುದಿಲ್ಲ. ಗಂಟು ಬಿಗಿಯಾದರೆ ಗೂಡು ಸೊಟ್ಟಗಾಗುತ್ತದೆ, ಸಡಿಲವಾದರೆ ಗಾಳಿಗೆ ತಿರುಗುತ್ತದೆ. ಆ ಸಂಜೆಯಿಂದ ಹದಿನಾರರವರೆಗೆ ಇದೇ ಕೆಲಸ. ನಾಲ್ಕು ಬೆಳಗ್ಗೆ ಬೆಟ್ಟಕ್ಕೆ ಹೋಗಲಾಗುವುದಿಲ್ಲ. ಚೆಂಚೊ ಪಂಪ್ ಕೆಲಸ ಮುಗಿಸಿ ಬಂದು ಎತ್ತರದ ಕೊಂಬೆಗಳಿಗೆ ಕಟ್ಟುತ್ತಾನೆ. ಅವನು ಕಟ್ಟಿದ್ದರಲ್ಲಿ ಹನ್ನೆರಡನ್ನು ಲಿಬ್ರಾದಾ ಬಿಚ್ಚಿ ಮತ್ತೆ ಕಟ್ಟುತ್ತಾರೆ.

"ಹುಚ್ಚು ಹಿಡೀತು," ಎಂದು ನಿಕೊಲಾಸಾ ಬೇಲಿಯ ಆಚೆಯಿಂದ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ. "ಕಾಲಿಗೆ ಕಟ್ಟಬೇಕಾದ್ದನ್ನ ಬೇಲಿಗೆ ಕಟ್ತಿದ್ದಾಳೆ. ಸಾನ್ ಹುವಾನ್ ದಿನ ಬೇಲಿ ಕುಣಿಯತ್ತೆ, ಎಲ್ಲರೂ ಬನ್ನಿ!"

ಹದಿನೇಳರ ಬೆಳಗ್ಗೆ ಅನ್ಸೆಲ್ಮೊ ಬರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟೋಪಿ. ಎನಾಮೆಲ್ ಲೋಟದಲ್ಲಿ ಕಾಫಿ ಕೊಟ್ಟರೆ ನಿಂತೇ ಕುಡಿಯುತ್ತಾರೆ. ಗೂಡುಗಳ ಲೆಕ್ಕ ಈಗ ನೂರ ಎಪ್ಪತ್ತೇಳು. ಒಂದು ಗೂಡು ಹೊಲಿಯುವಾಗ ಹರಿದು ಉಳಿದದ್ದು ನೂರ ಎಪ್ಪತ್ತಾರು, ಒಂದು ಕಾಲಿಗೆ ಎಂಬತ್ತೆಂಟು. ಚೆಂಚೊ ಸುತ್ತಿಕೊಂಡು ತೋರಿಸುತ್ತಾನೆ. ಏಳು ಸುತ್ತು ಬರಬೇಕಾದಲ್ಲಿ ಐದೇ ಸುತ್ತು; ಗೆಜ್ಜೆ ಮೀನಖಂಡದ ನಡುವೆಯೇ ಮುಗಿದುಹೋಗಿದೆ. ಕಾಲು ಕುಟ್ಟಿದರೆ ಸದ್ದು ಬರುತ್ತದೆ, ಆದರೆ ಅಂಗಳ ದಾಟುವುದಿಲ್ಲ.

"ಮಂಡಿವರೆಗೆ ಇಲ್ಲ ದೋನ್ಯಾ ಲಿಬ್ರಾದಾ," ಎನ್ನುತ್ತಾರೆ ಅನ್ಸೆಲ್ಮೊ. ಅವರ ದನಿಯಲ್ಲಿ ಸಿಟ್ಟಿಲ್ಲ, ಅದೇ ಕಷ್ಟ. "ನಾನೇನು ಶತ್ರುವಲ್ಲ. ಐನೂರು ಜನ ಸೇರ್ತಾರೆ. ತಮಟೆ ಮುಂದೆ ಇದು ಕೇಳಿಸಲ್ಲ."

"ಮೂರು ದಿನ ಕೊಡಿ."

"ಮೂರು ದಿನದಲ್ಲಿ ಅರವತ್ತನಾಲ್ಕು ಗೂಡು ಎಲ್ಲಿಂದ ತರ್ತೀರಿ?"

"ಗೂಡು ತರಲ್ಲ. ಮೂರು ದಿನ ಕೊಡಿ."

ಅನ್ಸೆಲ್ಮೊ ಬೇಲಿಯ ಮೇಲೆ ನೇತಾಡುತ್ತಿದ್ದ ಎಂಬತ್ತೆಂಟನ್ನು ನೋಡುತ್ತಾರೆ. ಇಪ್ಪತ್ತಕ್ಕೆ ಬರುತ್ತೇನೆ ಎಂದು ಟೋಪಿ ಹಾಕಿಕೊಂಡು ಹೋಗುತ್ತಾರೆ.

ಆಗ ಲಿಬ್ರಾದಾ ಮಾಡಿದ ಕೆಲಸವನ್ನು ಅವರ ಅಪ್ಪ ಮಾಡಿರಲಿಲ್ಲ. ಬೇರೆ ಯಾರಾದರೂ ಮಾಡಿದ್ದರೇ ಎಂದು ಅವರಿಗೂ ಗೊತ್ತಿಲ್ಲ. ನೂರ ಎಪ್ಪತ್ತಾರು ಗೂಡಿನ ಹೊಲಿಗೆಯನ್ನೂ ಬಿಚ್ಚಿ, ಪ್ರತಿಯೊಂದರಿಂದ ಎರಡು ಹರಳು ಹೊರಗೆ ತೆಗೆದು, ಮತ್ತೆ ಹೊಲಿಯುವುದು. ಐದರ ಜಾಗದಲ್ಲಿ ಮೂರು. ಕಡಿಮೆ ಗೂಡಿಗೆ ಹೆಚ್ಚು ಹರಳು ಹಾಕಬೇಕಲ್ಲವೇ ಎಂದರೆ ತಲೆಯಾಡಿಸುತ್ತಾರೆ. "ಐದಿದ್ರೆ ಒಂದಕ್ಕೊಂದು ಒರಗಿಕೊಂಡು ಹರಟೆ ಹೊಡೀತಾ ಕೂರ್ತವೆ. ಮೂರಿದ್ರೆ ಓಡಿ ಹೋಗಿ ಗೋಡೆಗೆ ಬಡೀತವೆ. ಸದ್ದು ಸಣ್ಣದು, ಆದ್ರೆ ಚೂಪು. ಕುರ್ಚಿ ಮೇಲೆ ನಾಲ್ಕು ಗೂಡಿಗೆ ಮಾಡಿ ನೋಡಿದ್ದೆ. ಕಾಲಿನ ಮೇಲೆ ಹೇಗೋ ಗೊತ್ತಿರ್ಲಿಲ್ಲ."

ಮೊದಲ ದಿನ ಮೂವತ್ತಾರು ಮುಗಿಯುತ್ತವೆ. ಎರಡನೇ ದಿನ ಬೆಳಗ್ಗೆ ನಿಕೊಲಾಸಾ ತಮ್ಮ ಸೂಜಿ, ತಮ್ಮ ಕನ್ನಡಕ, ಒಂದು ಬಟ್ಟೆಯಲ್ಲಿ ಸುತ್ತಿದ ಬಿಸಿ ತೊರ್ತಿಯಾ ರೊಟ್ಟಿ ಹಿಡಿದು ಬಂದು ಎದುರಿಗೆ ಕೂರುತ್ತಾರೆ.

"ಬಿಚ್ಚೋದು ನಾನು ಬಿಚ್ತೀನಿ. ಹೊಲಿಯೋದು ನೀನೇ ಹೊಲಿ. ಆಮೇಲೆ ನನ್ನ ಹೊಲಿಗೆ ಸರಿ ಇಲ್ಲ ಅಂತ ಊರ ತುಂಬ ಹೇಳ್ಕೊಂಡು ಬರ್ತೀಯ."

"ಹೇಳೇ ಹೇಳ್ತೀನಿ."

"ಗೊತ್ತು. ಉಪ್ಪು ಕಮ್ಮಿ ಆಗಿದೆ, ತಿನ್ನು."

ಇಪ್ಪತ್ತನೇ ತಾರೀಖು ಅನ್ಸೆಲ್ಮೊ ಬರುವ ಹೊತ್ತಿಗೆ ಕೊನೆಯ ಜೋಡಿ ಹುರಿಗೆ ಏರುತ್ತಿತ್ತು. ಚೆಂಚೊ ಸುತ್ತಿಕೊಂಡು ಅಂಗಳದ ನಡುವೆ ನಿಲ್ಲುತ್ತಾನೆ. ಅದೇ ಐದು ಸುತ್ತು. ಬಲಗಾಲು ಕುಟ್ಟುತ್ತಾನೆ. ಒಣ ಕಾಯಿ ಒಡೆದಂಥ ಸದ್ದು. ಕೋಳಿಗಳು ಬೇಲಿಯತ್ತ ಓಡುತ್ತವೆ. ಎರಡು ಹೆಜ್ಜೆ ಹಾಕಿದವನು ತಾನೇ ನಿಂತುಬಿಡುತ್ತಾನೆ. ಹಳೆಯ ಗೆಜ್ಜೆ ಅವನ ತಪ್ಪನ್ನು ಮುಚ್ಚುತ್ತಿತ್ತು, ತಡವಾಗಿ ಇಟ್ಟ ಹೆಜ್ಜೆಯೂ ಗಲಗಲ ಸದ್ದಿನಲ್ಲಿ ಕರಗಿಹೋಗುತ್ತಿತ್ತು. ಇದು ಮುಚ್ಚುವುದಿಲ್ಲ. ಮತ್ತೆ ಶುರು ಮಾಡುತ್ತಾನೆ, ಈ ಸಲ ನಿಧಾನವಾಗಿ, ಪಾದ ಎಲ್ಲಿ ಬೀಳುತ್ತಿದೆ ಎಂದು ಕೇಳಿಸಿಕೊಳ್ಳುತ್ತ.

ಅನ್ಸೆಲ್ಮೊ ಅಂಗಳದ ಆಚೆ, ದಾರಿಯವರೆಗೆ ನಡೆದು ಹೋಗಿ ಅಲ್ಲಿ ನಿಂತು ಕೇಳುತ್ತಾರೆ. ತಿರುಗಿ ಬರುತ್ತಾರೆ.

"ಕೇಳಿಸತ್ತೆ. ಆದ್ರೆ ಮಂಡಿವರೆಗೆ ಇಲ್ಲ. ಸಂತನ ಮುಂದೆ ಅರ್ಧ ಉಡುಪಲ್ಲಿ ನಿಲ್ಲಿಸೋದು ಹೇಗೆ?"

ಉತ್ತರ ಕೊಟ್ಟವರು ನಿಕೊಲಾಸಾ. "ದೊನ್ ಅನ್ಸೆಲ್ಮೊ, ಸಾನ್ ಹುವಾನ್ ಕಾಡಲ್ಲಿ ಒಂಟೆ ಕೂದಲು ಸುತ್ಕೊಂಡು ಮಿಡತೆ ತಿಂದ್ಕೊಂಡಿದ್ದ ಸಂತ. ಅವನು ಬಂದು ಇಲ್ಲಿ ಸುತ್ತು ಎಣಿಸ್ತಾನಾ? ಎಣಿಸೋರು ಇಡೀ ಊರಲ್ಲಿ ನೀವೊಬ್ಬರೇ."

ಅನ್ಸೆಲ್ಮೊ ನಗುವುದಿಲ್ಲ. ಎರಡನೇ ಲೋಟ ಕಾಫಿ ಕೇಳುತ್ತಾರೆ, ಈ ಸಲ ಕುಳಿತು ಕುಡಿಯುತ್ತಾರೆ. ನಗರದ ತಂಡಕ್ಕೆ ಬೇಡ ಎಂದು ಹೇಳಿ ಕಳಿಸಿದ್ದು ಅವತ್ತೇ ಸಂಜೆ.

ಹಬ್ಬದ ದಿನ ಬೆಳಗ್ಗೆ ಒಂಬತ್ತಕ್ಕೆ ನದಿ ದಂಡೆಯ ಚಪ್ಪರದಲ್ಲಿ ಚೆಂಚೊ ಮುಖವಾಡವನ್ನು ತಲೆಯ ಹಿಂದಕ್ಕೆ ಸರಿಸಿಕೊಂಡು ನಿಲ್ಲುತ್ತಾನೆ. ಪಾಸ್ಕೋಲಾ ಮೊದಲು ಜನರನ್ನು ನಗಿಸಬೇಕು. ಎಲ್ಲರ ಕಣ್ಣೂ ಅವನ ಮೀನಖಂಡದ ಮೇಲಿದೆ, ಅದು ಅವನಿಗೂ ಗೊತ್ತು.

"ಏನು ನೋಡ್ತೀರಿ?" ಎನ್ನುತ್ತಾನೆ. "ಪ್ಯಾಂಟ್ ಹೊಲಿಸೋಣ ಅಂತ ಹೋದೆ. ದರ್ಜಿ ಚಡ್ಡಿ ಹೊಲಿದು ಕೊಟ್ಟ. ಬಟ್ಟೆ ಎಲ್ಲಿ ಅಂದ್ರೆ, ಅದು ಹಾರಿಹೋಯ್ತು ಅಂದ!"

ಐನೂರು ಜನ ನಗುತ್ತಾರೆ. ಅನ್ಸೆಲ್ಮೊ ಕೂಡ. ಆಮೇಲೆ ತಮಟೆ, ಕೊಳಲು, ಆ ಚೂಪಾದ ಸಣ್ಣ ಸದ್ದು.

ಲಿಬ್ರಾದಾ ಇದನ್ನು ನೋಡಲಿಲ್ಲ. ಅವರು ಚಪ್ಪರದ ಹಿಂದೆ, ಇತರ ಹೆಂಗಸರ ಜೊತೆ, ದನದ ಮೂಳೆ, ಕಡಲೆಕಾಳು, ಎಲೆಕೋಸು ಕುದಿಯುವ ಹಂಡೆಯ ಮುಂದೆ ಇದ್ದರು. ಆ ವಾಕಬಾಕಿ ಸಾರು ತಳ ಹಿಡಿಯದಂತೆ ಕೈಯಾಡಿಸುತ್ತಿದ್ದವರು ಒಂದು ಗಳಿಗೆ ಸೌಟು ನಿಲ್ಲಿಸಿ, "ಎಡಗಾಲು. ಕೆಳಗಿಂದ ಎರಡನೇ ಸುತ್ತು. ಒಂದು ಹೊಲಿಗೆ ಬಿಟ್ಟಿದೆ," ಎಂದರು. ಮತ್ತೆ ಕೈಯಾಡಿಸಿದರು. ಮಧ್ಯಾಹ್ನ ಚೆಂಚೊ ಊಟಕ್ಕೆ ಬಂದಾಗ ನೋಡಿದರೆ ಅಲ್ಲಿಯೇ ಬಿಟ್ಟಿತ್ತು. ಅದು ನಿಕೊಲಾಸಾ ಕದ್ದು ಹೊಲಿದಿದ್ದ ಒಂದೇ ಒಂದು ಗೂಡು.

ಜುಲೈ ಒಂಬತ್ತಕ್ಕೆ ಮಳೆ ಬಂತು. ನಾಲ್ಕು ದಿನದಲ್ಲಿ ಬೇಲಿಗೆ ಎಲೆ ಬಂತು. ಅದರ ಮರುದಿನದಿಂದ ಲಿಬ್ರಾದಾ ಬಾಗಿಲು ತೆರೆಯುವ ಹೊತ್ತಿಗೆ ಕೊಂಬೆಗಳಲ್ಲಿ ಪತಂಗಗಳು ಒದ್ದೆ ರೆಕ್ಕೆ ಇಳಿಬಿಟ್ಟುಕೊಂಡು ಒಣಗುತ್ತಿರುತ್ತವೆ. ಇಟ್ಟಿಗೆ ಬಣ್ಣದ ದೊಡ್ಡ ರೆಕ್ಕೆ, ಪ್ರತಿ ರೆಕ್ಕೆಯಲ್ಲೂ ಗಾಜಿನಂಥ ಒಂದು ಕಿಟಕಿ. ಇಲ್ಲಿಯವರು ಅದನ್ನು ನಾಲ್ಕು ಕನ್ನಡಿ ಎಂದೇ ಕರೆಯುತ್ತಾರೆ. ಒಂದು ದಿನ ಐದು, ಒಂದು ದಿನ ಹನ್ನೊಂದು, ಎರಡು ದಿನ ಏನೂ ಇಲ್ಲ. ತಿಂಗಳ ಕೊನೆಗೆ ಲೆಕ್ಕ ನಿಂತದ್ದು ಐವತ್ತೇಳಕ್ಕೆ. ಉಳಿದವಕ್ಕೆ ನೊಣ ಹೊಕ್ಕಿದೆ, ಕೆಲವು ಚೀಲದಲ್ಲೇ ಜಜ್ಜಿಹೋಗಿದ್ದವು.

ಹಳ್ಳದಾಚೆಯ ಇಳಿಜಾರು ಈಗ ಹಸಿರು ಹುಲ್ಲು. ದನಗಳು ಮೇಯುತ್ತಿವೆ. ಪತ್ರಿಕೆಯಲ್ಲಿ ಬರುವುದಾದರೆ ಏನು ಬರೆಯಬೇಕು ಎಂದು ಕೇಳಿದಾಗ ಲಿಬ್ರಾದಾ ತರಬೇತಿ ಕೇಂದ್ರ, ಪ್ರಶಸ್ತಿ, ಮಾಸಾಶನ ಯಾವುದನ್ನೂ ಹೇಳುವುದಿಲ್ಲ.

"ಜಮೀನು ಬೋಳಿಸೋರಿಗೆ ಹೇಳಿ, ಬೇಲಿಗುಂಟ ಒಂದು ಸಾಲು ಸಾಂಗ್ರೆಗಾದೊ ಬಿಡಿ ಅಂತ. ಬೆಟ್ಟ ಕೇಳ್ತಿಲ್ಲ. ಒಂದು ಸಾಲು. ಬೇಲಿಗೆ ಕಂಬ ನೆಡೋ ಖರ್ಚೂ ಉಳಿಯತ್ತೆ. ಹೇಗೂ ಅವರು ದುಡ್ಡಿನ ಮಾತು ಬೇಗ ಕೇಳಿಸ್ಕೊತಾರೆ."

ಚೆಂಚೊ ಅಂಗಳದಲ್ಲೇ ಇದ್ದಾನೆ. ಖಾಲಿ ಗೂಡುಗಳ ಬಾಯಿ ಒಣಗಿದೆಯೇ ಎಂದು ಒಂದೊಂದನ್ನೂ ಮುಟ್ಟಿ ನೋಡುತ್ತ, ಎಣಿಸುತ್ತ ಬೇಲಿಯ ಕೊನೆಯವರೆಗೆ ಹೋಗಿ ಬರುತ್ತಾನೆ.

"ಇವನ್ನೂ ಸೇರಿಸಿದ್ರೆ ಮಂಡಿಗೆ ಬರತ್ತೆ ಚಿಕ್ಕಮ್ಮ. ಆದ್ರೂ ಏಳು ಕಮ್ಮಿ."

"ಒಟ್ಟು ಎಷ್ಟಾಯ್ತು?"

"ಇನ್ನೂರ ಮೂವತ್ತಮೂರು."

ಲಿಬ್ರಾದಾ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡು ಸೂಜಿಗೆ ದಾರ ಪೋಣಿಸುತ್ತಾರೆ.

"ಇನ್ನೂರ ಮೂವತ್ತಮೂರು," ಎನ್ನುತ್ತಾರೆ. "ಅದರಲ್ಲಿ ಒಂದನ್ನೂ ನಾನು ಸೀಳಿದ್ದಲ್ಲ. ಎಲ್ಲ ಹುಳವೇ ತೆರೆದದ್ದು."